ಬೇಲೂರಿನ ಕಲ್ಲು, ಭೂವಲಯದ ಬೀಗ

50 17 55 8 54 7.

ಇದು ಯಾರದೋ ಮೊಬೈಲ್ ನಂಬರಲ್ಲ, ಬ್ಯಾಂಕಿನವರು ಕಳಿಸೋ ಒಟಿಪಿಯೂ ಅಲ್ಲ. ಇದು ನಮ್ಮ ಬೇಲೂರು. ಹೇಗೆ ಅಂತೀರಾ? ಕುಮುದೇಂದು ಮುನಿಯ ‘ಸಿರಿಭೂವಲಯ’ದ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತೆ. ಅಕ್ಷರವೇ ಇಲ್ಲದ ಕನ್ನಡ ಗ್ರಂಥ ಅದು. ಪುಟ ತುಂಬ ಬರೀ ಅಂಕಿ. ಒಂಬತ್ತು ಸ್ವರ, ಒಂದೊಂದಕ್ಕೂ ಹ್ರಸ್ವ, ದೀರ್ಘ, ಪ್ಲುತ, ಅಲ್ಲಿಗೆ 27. ಕ ದಿಂದ ಮ ವರೆಗೆ 25. ಯ ದಿಂದ ಹ ವರೆಗೆ 8. ಅನುಸ್ವಾರ, ವಿಸರ್ಗದಂಥವು 4. ಒಟ್ಟು 64. ಬ್ ಅಂದರೆ 50, ಏ ಅಂದರೆ 17, ಲ್ 55, ಊ 8, ರ್ 54, ಉ 7. ಮುಗೀತು.

ಗುಟ್ಟು ಬರೆಯೋ ಚಟ ನಮಗೆ ಹೊಸದೇನಲ್ಲ. ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳೀಬಾರದು ಅಂತ ‘ಕ’ ಸೇರಿಸಿ ಮಾತಾಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ವಾತ್ಸ್ಯಾಯನ ಹೇಳೋ 64 ಕಲೆಗಳಲ್ಲೂ ಮ್ಲೇಚ್ಛಿತ ವಿಕಲ್ಪ ಅಂತ ಒಂದಿದೆ, ಅಂದರೆ ಗುಪ್ತಲಿಪಿ. ಅದರಲ್ಲಿ ಮೂಲದೇವೀಯ ಅನ್ನೋ ಪದ್ಧತಿ ಬಲು ಸರಳ. ಅಕ್ಷರಗಳನ್ನ ಜೋಡಿ ಮಾಡಿ ಅದಲು ಬದಲು ಮಾಡೋದು. ಸ ಇದ್ದಲ್ಲಿ ಲ, ಮ ಇದ್ದಲ್ಲಿ ನ, ರ ಇದ್ದಲ್ಲಿ ಷ. ‘ಸಮರ’ ಅಂತ ಬರೆಯೋಕೆ ‘ಲನಷ’ ಅಂತ ಬರೆದರಾಯ್ತು. ದೂತ ಸಿಕ್ಕಿಬಿದ್ದರೂ ಶತ್ರು ತಲೆ ಕೆರೆದುಕೊಳ್ಳಬೇಕು.

ಎಷ್ಟು ಹೊತ್ತು? ಅದೇ ಪ್ರಶ್ನೆ. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್ ಕಿಂದಿ ಎಂಬ ವಿದ್ವಾಂಸ ಇಂಥ ಬೀಗಕ್ಕೆಲ್ಲ ಒಂದೇ ಕೀಲಿಕೈ ಬರೆದಿಟ್ಟ. ಯಾವ ಭಾಷೆಯಲ್ಲೂ ಎಲ್ಲ ಅಕ್ಷರ ಸಮನಾಗಿ ಬರಲ್ಲ. ಗುಪ್ತಪತ್ರದಲ್ಲಿ ಯಾವ ಗುರುತು ಎಷ್ಟು ಸಲ ಬಂದಿದೆ ಎಣಿಸಿ, ಭಾಷೆಯಲ್ಲಿ ಅತಿ ಹೆಚ್ಚು ಬರೋ ಅಕ್ಷರದ ಪಕ್ಕ ಇಟ್ಟು ನೋಡಿ. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಮನೆಯಲ್ಲಿ ಕೂತು ಗುಪ್ತಲಿಪಿಯನ್ನ ನಂಬಿ ಪತ್ರ ಬರೆಸಿದಳು. 1586ರಲ್ಲಿ ಎಲಿಜಬೆತ್ ರಾಣಿಯ ಕಡೆಯವರು ಅದನ್ನ ಬಿಡಿಸಿ ಓದಿದರು. ಮರುವರ್ಷ ಮೇರಿಯ ತಲೆ ಹೋಯ್ತು. ಎಣಿಸೋಕೆ ಬಂದವನಿಗೆ ಇಷ್ಟು ಶಕ್ತಿ ಇದೆ ಸ್ವಾಮಿ!

ಇದೇ ಲೆಕ್ಕ ಭೂವಲಯಕ್ಕೆ ಹಾಕಿ. ಕನ್ನಡದಲ್ಲಿ ‘ಕಮಲ’ ಅಂತ ಬರೆದರೆ ಕಣ್ಣಿಗೆ ಕಾಣೋದು ಮೂರೇ ಅಕ್ಷರ, ಒಳಗೆ ಮೂರು ಸಲ ಅಕಾರ ಕೂತಿದೆ. ಹಾಗಾಗಿ ಅಂಕಿಗಳಲ್ಲಿ 1 ಎದ್ದು ಕಾಣಲೇಬೇಕು. ಅಲ್ಲಿಂದ ಹಿಡಿದರೆ ಉಳಿದ ಅಂಕಿಗಳ ಜುಟ್ಟು ಒಂದೊಂದಾಗಿ ಕೈಗೆ ಸಿಗುತ್ತೆ. ಅಂದರೆ ಅಂಕಿಯ ಬೀಗ ಅಂಥ ಗಟ್ಟಿ ಬೀಗವೇನಲ್ಲ.

ನಿಜವಾದ ಬೀಗ ದಾರಿಯಲ್ಲಿದೆ. 27 ಸಾಲು, 27 ಕಂಬ, 729 ಮನೆ. ಇದಕ್ಕೆ ಚಕ್ರ ಅಂತ ಹೆಸರು. ಎಡದಿಂದ ಬಲಕ್ಕೆ ಓದಿದರೆ ಬರೀ ಕಲಬೆರಕೆ. ಮೊದಲ ಸಾಲಿನ ನಟ್ಟನಡುವಿನ ಮನೆಯಿಂದ ಹೊರಟು ಓರೆಯಾಗಿ ಸಾಗಬೇಕು. ಇದು ಚಕ್ರಬಂಧ. ಇದಲ್ಲದೆ ಹಂಸಬಂಧ, ಪದ್ಮಬಂಧ, ಮಯೂರಬಂಧ ಅಂತ ಬೇರೆ ಬೇರೆ ನಡಿಗೆಗಳು. ಅಕ್ಷರ ಬದಲಾಯಿಸೋದು ಒಂದು ವಿದ್ಯೆ, ಅಕ್ಷರದ ಜಾಗ ಬದಲಾಯಿಸೋದು ಇನ್ನೊಂದು ವಿದ್ಯೆ. ಭೂವಲಯ ಎರಡನ್ನೂ ಒಟ್ಟಿಗೆ ಹಾಕಿದೆ. ಇದಕ್ಕೆ ಟೋಪಿ ತೆಗೀಲೇಬೇಕು.

ಈ ಹಸ್ತಪ್ರತಿ ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿ ಇತ್ತು. ಕರ್ಲಮಂಗಲಂ ಶ್ರೀಕಂಠಯ್ಯನವರು ಜೊತೆ ಸೇರಿದರು, ಕನ್ನಡ ಟೈಪ್‌ರೈಟರ್‌ಗೆ ದುಡಿದ ಕೆ. ಅನಂತಸುಬ್ಬರಾಯರೂ ಕೈಜೋಡಿಸಿದರು. 1953ರಲ್ಲಿ ಮೊದಲ ಭಾಗ ಅಚ್ಚಾಯ್ತು. ಜೊತೆಗೇ ಹೇಳಿಕೆಗಳೂ ಹೊರಬಂದವು. ಇದರಲ್ಲಿ 718 ಭಾಷೆ ಇದೆ, ಅಣುವಿಜ್ಞಾನ ಇದೆ, ವಿಮಾನ ಇದೆ. ಕಾಲ ಯಾವುದು? ಅಮೋಘವರ್ಷನ ಕಾಲ, 9ನೇ ಶತಮಾನ ಅಂದರು. ಭಾಷೆ ನೋಡಿದ ಬೇರೆ ವಿದ್ವಾಂಸರು, ಇಲ್ಲ, ಇದು 15ನೇ ಶತಮಾನದ್ದು, ಇನ್ನೂ ಈಚಿನದೂ ಇರಬಹುದು ಅಂದರು. ನನಗೆ ಈ ಎರಡನೇ ಗುಂಪಿನವರ ಮಾತೇ ಹೆಚ್ಚು ಒಪ್ಪಿಗೆ.

ಮತ್ತೆ ಬೇಲೂರಿಗೆ ಬರ್ತೀನಿ. ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿ ದಾಸೋಜ ತನ್ನ ಹೆಸರು ಬರೆದು, ಬಳ್ಳಿಗಾವಿಯವನು ಅಂತ ಊರನ್ನೂ ಬರೆದಿದ್ದಾನೆ. ಅದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಒಂದು ಕಲ್ಲು ಗುರುತಿಸಿದರು. 16 ಸಾಲು. ವಿಜ ಅರಸನಿಗೆ ಕೊಟ್ಟ ಊರುಗಳ ವಿಷಯ. ಬರೆಸಿದವನಿಗೆ ಮುಚ್ಚಿಡೋ ಆಸೆಯೇ ಇರಲಿಲ್ಲ, ಊರೆಲ್ಲ ನೋಡಲಿ ಅಂತಲೇ ಕಲ್ಲು ನಿಲ್ಲಿಸಿದ. ಆದರೂ ಕಾಲ ಅದನ್ನ ಗುಪ್ತಲಿಪಿ ಮಾಡಿಬಿಟ್ಟಿತು. ಲಿಪಿ ಬದಲಾಯ್ತು, ಮಾತು ಬದಲಾಯ್ತು. ಅದನ್ನ ಓದಿದ್ದು ಯಾವುದೋ ಪವಾಡದಿಂದಲ್ಲ. ಬೇರೆ ಶಾಸನಗಳ ಅಕ್ಷರದ ಪಕ್ಕ ಇಟ್ಟು, ಒಂದೊಂದೇ ಗೆರೆ ಹೋಲಿಸಿ ಓದಿದ್ದು. ಅದರ ಕಾಲಕ್ಕೆ, ಕೆಲವು ಪದಗಳ ಅರ್ಥಕ್ಕೆ ಇವತ್ತಿಗೂ ಜಗಳ ಇದೆ. ಆದರೆ ಜಗಳ ಆಡೋರೆಲ್ಲ ಅದೇ 16 ಸಾಲನ್ನ ಮುಂದಿಟ್ಟುಕೊಂಡೇ ಆಡ್ತಾರೆ. ಕಲ್ಲು ಯಾರ ಮನೆ ಆಸ್ತಿಯೂ ಅಲ್ಲ.

ಭೂವಲಯಕ್ಕೂ ನಾನು ಕೇಳೋದು ಇಷ್ಟೇ. ಗುಪ್ತಲಿಪಿ ಬಿಡಿಸಿದೆ ಅನ್ನಬೇಕಾದರೆ ಒಂದು ಷರತ್ತಿದೆ. ನಿಯಮ ಮೊದಲು ಹೇಳಬೇಕು, ಆಮೇಲೆ ಓದಬೇಕು. ದಾರಿಯನ್ನ ನನಗೆ ಬೇಕಾದ ಹಾಗೆ ತಿರುಗಿಸಿಕೊಳ್ತಾ ಹೋದರೆ 729 ಮನೆಯಲ್ಲಿ ವಿಮಾನ ಏನು, ನಮ್ಮ ಚಾನೆಲ್ಲಿನ ಹೆಸರೂ ಸಿಗುತ್ತೆ! ಚಕ್ರಬಂಧದಲ್ಲಿ ಕನ್ನಡ ಪದ್ಯ ಬರುತ್ತೆ, ಸಾಲು ಸಾಲಾಗಿ ಅರ್ಥ ಕೂಡುತ್ತೆ. ಅಷ್ಟು ಗಟ್ಟಿ. ಉಳಿದ 700 ಚಿಲ್ಲರೆ ಭಾಷೆಗಳಿಗೆ ಅದೇ ತೂಕದ ಸಾಕ್ಷಿ ಎಲ್ಲಿ? ಕನ್ನಡದ ಅಭಿಮಾನ ಅಂತ ಹೇಳಿ ಈ ಪ್ರಶ್ನೆಯನ್ನೇ ಬಾಯಿ ಮುಚ್ಚಿಸಿದರೆ, ಇಷ್ಟು ಜಾಣತನದಿಂದ ಲೆಕ್ಕ ಕಟ್ಟಿದ ಕುಮುದೇಂದುವಿಗೇ ಅನ್ಯಾಯ.

ಹಾಸನದಲ್ಲೋ ಮೈಸೂರಲ್ಲೋ ಎಂಜಿನಿಯರಿಂಗ್ ಓದೋ ಹುಡುಗರ ಎರಡು ತಂಡ ಮಾಡಿ. ಇಬ್ಬರಿಗೂ ಒಂದೇ ಚಕ್ರ, ಒಂದೇ ಬಂಧದ ನಿಯಮ ಕೊಡಿ. ಒಬ್ಬರು ಬರೆದದ್ದನ್ನ ಇನ್ನೊಬ್ಬರು ನೋಡಬಾರದು. ಸಂಜೆಗೆ ಎರಡೂ ಕಾಗದ ಪಕ್ಕಪಕ್ಕ ಇಟ್ಟು ಓದೋಣ.