ಮಣ್ಣು ಟೆಸ್ಟ್ ಮಾಡಿದ್ರು, ಆದ್ರೂ ಕಟ್ಟಡ ವಾಲಿತು

ಈ ಫೋಟೋದಲ್ಲಿ ವಾಲಿರೋ ಕಟ್ಟಡ ನೋಡಿದ್ರಾ? ಎಡಿಟ್ ಮಾಡಿದ್ದಲ್ಲ. ಕೆನಡಾದ ವಿನಿಪೆಗ್ ಹತ್ತಿರದ ಟ್ರಾನ್ಸ್‌ಕೋನಾ, 1913ರ ಅಕ್ಟೋಬರ್.

ಕೆನಡಿಯನ್ ಪೆಸಿಫಿಕ್ ರೈಲ್ವೆ ಗೋಧಿ ತುಂಬಿಡೋಕೆ ಇಲ್ಲೊಂದು ಕಾಂಕ್ರೀಟ್ ಕಣಜ ಕಟ್ಟಿಸಿತ್ತು. ಎತ್ತರದ 65 ದುಂಡು ಗೂಡುಗಳು, ಎಲ್ಲದರ ಕೆಳಗೂ ಒಂದೇ ಕಾಂಕ್ರೀಟ್ ಹಾಸು. ಅಗಲ 77 ಅಡಿ, ಉದ್ದ 195 ಅಡಿ. ಹಿಡಿಯೋದು 10 ಲಕ್ಷ ಬುಶೆಲ್, ಅಂದ್ರೆ ಸುಮಾರು 27,000 ಟನ್ ಗೋಧಿ.

ಸೆಪ್ಟೆಂಬರ್‌ನಲ್ಲಿ ತುಂಬೋಕೆ ಶುರು ಮಾಡಿದ್ರು. ಅಕ್ಟೋಬರ್ 18ಕ್ಕೆ 8,75,000 ಬುಶೆಲ್ ಸೇರಿತ್ತು. ಆಗ ಕಟ್ಟಡ ಕುಸಿಯೋಕೆ ಶುರುವಾಯ್ತು. ಒಂದು ಗಂಟೆಯೊಳಗೆ ಸುಮಾರು ಒಂದು ಅಡಿ ಇಳೀತು. ಆಮೇಲೆ ಪಶ್ಚಿಮಕ್ಕೆ ವಾಲ್ತಾ ವಾಲ್ತಾ, ಮರುದಿನದ ಹೊತ್ತಿಗೆ ಸುಮಾರು 27 ಡಿಗ್ರಿ! ಆದ್ರೂ ಗೂಡುಗಳು ಒಡೆದು ಚೂರಾಗಲಿಲ್ಲ. ಸೋತಿದ್ದು ಕಾಂಕ್ರೀಟ್ ಅಲ್ಲ, ಅದರ ಕೆಳಗಿದ್ದ ಮಣ್ಣು.

"ಹಾಗಾದ್ರೆ ಮಣ್ಣು ಟೆಸ್ಟ್ ಮಾಡಿರಲಿಲ್ವಾ?" ಅಂತೀರಾ? ಮಾಡಿದ್ರು. ಪಾಯಕ್ಕೆ ಅಗೆದ ಗುಂಡಿಯ ತಳದಲ್ಲಿ ಭಾರ ಹೇರಿ ನೋಡಿದ್ರು, ಮಣ್ಣು ತಡೀತು. ಆದ್ರೆ ಚಿಕ್ಕ ಜಾಗದ ಮೇಲಿಟ್ಟ ಭಾರ ಸ್ವಲ್ಪ ಆಳಕ್ಕಷ್ಟೇ ಮುಟ್ಟುತ್ತೆ. 77 ಅಡಿ ಅಗಲದ ಕಟ್ಟಡದ ಭಾರ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತೆ.

ನೀರು ಬತ್ತಿದ ಕೆರೆ ಅಂಗಳ ನೆನಪಿಸ್ಕೊಳ್ಳಿ. ಮೇಲೆ ಒಣಗಿದ ಹೆಪ್ಪು, ನಾವು ಆರಾಮಾಗಿ ನಡೀತೀವಿ. ಅಲ್ಲೇ ಟ್ರ್ಯಾಕ್ಟರ್ ಇಳಿಸಿದ್ರೆ? ಹೂತುಹೋಗುತ್ತೆ. ಯಾಕಂದ್ರೆ ಒಳಗೆ ಇನ್ನೂ ಕೆಸರು.

ಮಣ್ಣಿಗೂ ಒಂದು ಲೆಕ್ಕ ಇದೆ ಅನ್ನೋ ಶಾಸ್ತ್ರ ಆಗಿನ್ನೂ ಬೆಳೆದಿರಲಿಲ್ಲ. ಅದಕ್ಕೆ ಬುನಾದಿ ಹಾಕಿದ ಕಾರ್ಲ್ ಟೆರ್ಜಾಗಿ ಅವರ ಪುಸ್ತಕ ಬಂದಿದ್ದೇ 1925ರಲ್ಲಿ. ಟ್ರಾನ್ಸ್‌ಕೋನಾದಲ್ಲಿ 1951ರಲ್ಲಿ ಆಳಕ್ಕೆ ಬೋರ್ ಕೊರೆದು ಮಣ್ಣಿನ ಮಾದರಿ ತೆಗೆದ್ರು. ಮೇಲೆ ಗಟ್ಟಿ ಜೇಡಿ, ಅದರ ಕೆಳಗೆ ಮೆತ್ತನೆ ಜೇಡಿ! ಹೊಸ ಸೂತ್ರ ಹಾಕಿ ನೋಡಿದ್ರೆ, ಈ ಮಣ್ಣು ಸೋಲಬೇಕಾದ ಭಾರವೂ 1913ರಲ್ಲಿ ನಿಜವಾಗಿ ಸೋತ ಭಾರವೂ ಹತ್ತಿರ ಹತ್ತಿರ ಒಂದೇ.

ಈಗ ಬೋರ್ ಕೊರೀತಾ, 63.5 ಕೆಜಿ ಸುತ್ತಿಗೆಯನ್ನ 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಮಾದರಿ ಕೊಳವೆ ಮಣ್ಣಿಗಿಳಿಯೋಕೆ ಎಷ್ಟು ಪೆಟ್ಟು ಬೇಕು ಅಂತ ಎಣಿಸ್ತಾರೆ. ಒಂದೇ ಕಡೆ ಅಲ್ಲ, ಕೆಳಗೆ ಹೋದಂತೆ ಮತ್ತೆ ಮತ್ತೆ.

ಹಾಗಾಗಿ ನಾಳೆ ನಿಮ್ಮ ಮನೆಗೋ ಅಂಗಡಿಗೋ ಪಾಯ ಹಾಕುವಾಗ "ಮಣ್ಣು ಟೆಸ್ಟ್ ಆಗಿದೆ" ಅಂದ್ರೆ ಅಲ್ಲಿಗೇ ಸುಮ್ಮನಾಗಬೇಡಿ. "ಎಷ್ಟು ಆಳದವರೆಗೆ?" ಅಂತ ಕೇಳಿ.

ಅಂದಹಾಗೆ, ಆ ಕಣಜವನ್ನ ಕೆಡವಲಿಲ್ಲ. ತಳದ ಬಂಡೆವರೆಗೆ ಕಂಬ ಇಳಿಸಿ ಮತ್ತೆ ನೆಟ್ಟಗೆ ನಿಲ್ಲಿಸಿದ್ರು! ಆ ಕಥೆ ಮುಂದಿನ ಭಾಗದಲ್ಲಿ.