ಮೊಳ ಮತ್ತು ವಾರ: ರಾಮದುರ್ಗದ ಸೀರೆಯ ಅಳತೆ

ಮಲಪ್ರಭೆಯ ಸೀಮೆಯ ರಾಮದುರ್ಗವು ನೇಕಾರರ ಊರೆಂಬುದನ್ನು ಸದ್ಭಕ್ತರಾದ ವಾಚಕರೆಲ್ಲರೂ ಬಲ್ಲರು. ನಮ್ಮ ಹಿರಿಯರು ಸೀರೆಯ ಉದ್ದವನ್ನು ಮೊಳದಿಂದ ಹೇಳುತ್ತಿದ್ದರು. ಅಂಗಡಿಕಾರರು ವಾರದಿಂದ ಹೇಳಿದರು. 16 ಮೊಳದ ಸೀರೆಯೆಂದರೆ 8 ವಾರದ ಸೀರೆ. ಎರಡು ಮೊಳಕ್ಕೆ ಒಂದು ವಾರವೆಂಬ ಲೆಕ್ಕವು ಬಾಲಕರಿಗೂ ಸುಲಭವಾದದ್ದು. ಆದರೆ ಆ ಮೊಳವು ಯಾರ ಕೈಯದು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ.

ಮೊಳಕೈಯ ಗಂಟಿನಿಂದ ನಡುಬೆರಳಿನ ತುದಿಯವರೆಗಿನ ಉದ್ದವೇ ಮೊಳ. ಸಂಸ್ಕೃತದಲ್ಲಿ ಇದಕ್ಕೆ ಹಸ್ತವೆಂದು ಹೆಸರು. 12 ಅಂಗುಲಕ್ಕೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಕೌಟಿಲ್ಯನ ಅರ್ಥಶಾಸ್ತ್ರವು 24 ಅಂಗುಲದ ಹಸ್ತವನ್ನು ಹೇಳಿ, ಬೇರೆ ಕೆಲಸಗಳಿಗೆ ಅದಕ್ಕಿಂತ ಉದ್ದವಾದ ಹಸ್ತಗಳನ್ನೂ ಹೇಳುವದು. ನಮ್ಮ ನಾಡಿನ ಶಾಸನಗಳಲ್ಲಿಯೂ ಭೂದಾನವನ್ನು ಮತ್ತರು, ಕಮ್ಮಗಳಿಂದ ಎಣಿಸುವಾಗ ಅಳೆದ ಕೋಲು ಯಾವದೆಂಬುದನ್ನು ಹಲವೆಡೆ ಹೆಸರಿಸಿರುವರು. ಕೋಲು ಬದಲಾದರೆ ಹೊಲವೂ ಬದಲಾಗುವದೆಂಬುದು ಪೂರ್ವಿಕರಿಗೆ ತಿಳಿದಿತ್ತು.

ಗಜದ ಕಥೆಯೂ ಇಂಥದೇ. ಅಕಬರನ ಇಲಾಹಿ ಗಜವು 41 ಬೆರಳುಗಳದು. ಅದು ಸುಮಾರು 33 ಇಂಚು. ಆಂಗ್ಲರ ಗಜವು 36 ಇಂಚು. 1889ರ ಕಾಯಿದೆಯು ಬ್ರಿಟಿಷರ ಆಳಿಕೆಯ ಹಿಂದುಸ್ತಾನದಲ್ಲಿ ಇದನ್ನೇ ಪ್ರಮಾಣವೆಂದು ವಿಧಿಸಿತು. ನಾವು ವಾರವೆನ್ನುವದು ಈ ಗಜಕ್ಕೇ. ಇದರ ಅರ್ಧವಾದ 18 ಇಂಚೇ ಲೆಕ್ಕದ ಮೊಳವಾಯಿತು.

ದೇಹದ ಮೊಳವಾದರೋ ಈ ಕಟ್ಟಳೆಗೆ ಒಳಪಡದು. 17 ಇಂಚಿನ ಕೈಯುಳ್ಳವನು 16 ಮೊಳ ಅಳೆದು ಮಾರಿದರೆ ಕೊಂಡವಳಿಗೆ 16 ಇಂಚು ಕಡಿಮೆ, ಎಂದರೆ ಸೆರಗಿನಲ್ಲಿ ಹೆಚ್ಚುಕಡಿಮೆ ಒಂದು ಮೊಳವೇ ನಷ್ಟ. 19 ಇಂಚಿನ ಕೈಯವನು ನೇಕಾರನಿಂದ ಅಳೆದುಕೊಂಡರೆ ಅಷ್ಟೇ ಉದ್ದದ ಹಾಸುಹೊಕ್ಕಿನ ಶ್ರಮವು ಕೂಲಿಯಿಲ್ಲದೆ ಹೋಗುವದು. ಇಬ್ಬರೂ ಸುಳ್ಳಾಡಿದವರಲ್ಲ, ಆದರೂ ಅನ್ಯಾಯವು ನಡೆದೇ ಹೋಯಿತು. ಕೈಗೆ ಬದಲಾಗಿ ಗಜಕೋಲು ಬಂದದ್ದರ ಹಿರಿಮೆಯು ಇದರಲ್ಲಿದೆ.

ರಾಮದುರ್ಗ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಕಾಯಿದೆಯಿಂದ ದೇಶಕ್ಕೆಲ್ಲ ಮೀಟರು ಪ್ರಮಾಣವಾಯಿತು. ಒಂದು ವಾರಕ್ಕೆ 91.44 ಸೆಂಟಿಮೀಟರು, ಮೊಳಕ್ಕೆ 45.72. ಆದಕಾರಣ 8 ವಾರದ ಸೀರೆಯು 8 ಮೀಟರಲ್ಲ. 7 ಮೀಟರು 32 ಸೆಂಟಿಮೀಟರಿನಷ್ಟು ಮಾತ್ರ.

ಮನೆಯ ಹಳೆಯ ಲೆಕ್ಕದ ವಹಿಗಳನ್ನು ತೆರೆಯುವ ಶಿಷ್ಯರು ಈ ಮಾತನ್ನು ನೆನಪಿನಲ್ಲಿಡಬೇಕು. ಅಲ್ಲಿ ಮೊಳ, ಗಜ ಎಂಬ ಶಬ್ದಗಳು ಕಂಡೊಡನೆ ಎರಡರಿಂದ ಗುಣಿಸಲು ಅವಸರಪಡದೆ, ಅಳೆದದ್ದು ಕೈಯೋ ಕೋಲೋ ಎಂಬುದನ್ನು ಮೊದಲು ವಿಚಾರಿಸಬೇಕು. ಕೊಡುವಾಗಲೂ ಕೊಳ್ಳುವಾಗಲೂ ಒಂದೇ ಆಗಿರುವ ಅಳತೆಯೇ ಅಳತೆ.