ಬನ್ನಿಯೂ ಆಪಟೆಯೂ

ಕನ್ನಡ ನಾಡಿನಲ್ಲಿ ವಿಜಯದಶಮಿಯೆಂದರೆ ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಅಡಗಿಸಿಟ್ಟದ್ದು ಶಮೀವೃಕ್ಷದಲ್ಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಮುಂದೆ ಮೈಸೂರಿಗೆ ಬಂದಿತು. ಇಂದಿಗೂ ಜಂಬೂಸವಾರಿ ತಲುಪುವುದು ಬನ್ನಿಮಂಟಪವನ್ನೇ. ಉತ್ತರ ಕರ್ನಾಟಕದಲ್ಲಿ ಅಂದು ಸಂಜೆ ಹಿರಿಯರ ಕೈಗೆ ಬನ್ನಿಯೆಲೆಯಿತ್ತು ನಮಸ್ಕರಿಸಿ, ಬಂಗಾರದಂತೆ ಬಾಳೋಣವೆಂದು ಹಾರೈಸಿಕೊಳ್ಳುವುದು ವಾಡಿಕೆ.

ಮುಂಬಯಿಗೆ ಬಂದ ನಮ್ಮ ಕೈಗೆ ಸಿಗುವ ಬಂಗಾರ ಬೇರೊಂದು ಮರದ್ದು. ಹಬ್ಬದ ಮುನ್ನಾದಿನ ನಾವು ಫೋರ್ಟಿನ ಬೀದಿಗಳಲ್ಲಿ ನಡೆದರೆ ಚೆಂಡುಹೂವಿನ ರಾಶಿ, ಮಾವಿನೆಲೆ ಮತ್ತು ಭತ್ತದ ತೆನೆಗಳ ತೋರಣ, ಪಕ್ಕದಲ್ಲೇ ಆಪಟೆಯ ಸೊಪ್ಪಿನ ಕಟ್ಟುಗಳು ಕಾಣುತ್ತವೆ. ಶಮಿಯದು ಕಿರಿದಾದ ಎಲೆಗಳ ಸಾಲು. ಆಪಟೆಯದು ತುದಿಯಲ್ಲಿ ಸೀಳಿದ ಜೋಡಿ ಎಲೆ. ಈ ಜೋಡಿರೂಪವನ್ನು ನೆನೆದೇ ಸಸ್ಯಶಾಸ್ತ್ರದಲ್ಲಿ ಅದರ ಕುಲಕ್ಕೆ ಬೌಹಿನ್ ಸಹೋದರರಿಬ್ಬರ ಹೆಸರಿನಿಂದ ಬೌಹಿನಿಯಾ ಎಂದು ಕರೆದರು.

ಮರ ಬೇರೆಯಾದರೂ ಕಥೆ ಒಂದೇ. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಬೇಡಿ ಬಂದ ಕೌತ್ಸನಿಗೆ ಕೊಡಲು, ಸರ್ವಸ್ವವನ್ನೂ ದಾನ ಮಾಡಿದ್ದ ರಘುಮಹಾರಾಜನಲ್ಲಿ ಏನೂ ಉಳಿದಿರಲಿಲ್ಲ. ರಘು ತನ್ನ ಮೇಲೆ ದಂಡೆತ್ತಿ ಬರಲಿರುವುದನ್ನು ಅರಿತ ಕುಬೇರ ಚಿನ್ನದ ಮಳೆ ಕರೆದ. ಕಾಳಿದಾಸನಲ್ಲಿ ಆ ಮಳೆ ಸುರಿದದ್ದು ಬೊಕ್ಕಸದಲ್ಲಿ. ಜನರ ಬಾಯಲ್ಲಿ ಅದು ಕೆಲವೆಡೆ ಶಮಿಯ ಮೇಲೆ, ಕೆಲವೆಡೆ ಆಪಟೆಯ ಮೇಲೆ. ಕೌತ್ಸ ಮಾತ್ರ ಬೇಕಾದುದಕ್ಕಿಂತ ಒಂದು ನಾಣ್ಯವನ್ನೂ ಹೆಚ್ಚು ಮುಟ್ಟಲಿಲ್ಲ.

ಈ ಕಥೆ ಫೋರ್ಟಿನಲ್ಲಿ ಬೇರೆಯೇ ಧ್ವನಿ ಪಡೆಯುತ್ತದೆ. ಇಲ್ಲಿ ಟೌನ್ ಹಾಲಿನ ಎದುರಿನ ಆಲದ ನೆರಳಿನಲ್ಲಿ ಸೇರುತ್ತಿದ್ದ ದಲ್ಲಾಳಿಗಳ ಬಳಗವೇ 1875ರಲ್ಲಿ ಷೇರುಪೇಟೆಯ ಸಂಘವಾಯಿತು. ಹೆಚ್ಚು ಗಳಿಸುವುದೇ ಕಸುಬಾದ ಈ ಬೀದಿಗಳಲ್ಲಿ, ವರ್ಷಕ್ಕೊಂದು ದಿನ, ಕೊಟ್ಟರೆ ಮಾತ್ರ ಬೆಲೆ ಬರುವ ಬಂಗಾರವೊಂದು ಕೈಯಿಂದ ಕೈಗೆ ಸಾಗುತ್ತದೆ.

ದಸರೆಯಂದು ಸೀಮೋಲ್ಲಂಘನ ಮಾಡಬೇಕೆನ್ನುತ್ತಾರೆ. ಫೋರ್ಟಿನ ಗೋಡೆಗಳು 1860ರ ದಶಕದಲ್ಲೇ ಉರುಳಿದವು. ನಾಡಿನ ಗಡಿಯನ್ನು ನಾವು ಎಂದೋ ದಾಟಿದ್ದೇವೆ. ಎಲೆ ಬದಲಾದುದಕ್ಕೆ ಮರುಗಬೇಕಿಲ್ಲ. ಚಿಂತೆ ಇರುವುದು ಬೇರೆಡೆ: ಆಪಟೆಯ ಕೊಂಬೆಗಳನ್ನೇ ಕಡಿದು ಮಾರುವವರಿದ್ದಾರೆ, ಆಪಟೆ ಸಾಲದಾದಾಗ ಕಾಂಚನದ ಎಲೆಯನ್ನು ಅದೇ ಹೆಸರಿನಲ್ಲಿ ಕೊಡುವವರೂ ಇದ್ದಾರೆ. ಮರುದಿನ ಅವೆಲ್ಲ ಕಸದ ಗಾಡಿ ಸೇರುತ್ತವೆ. ಮರವನ್ನು ಪೂಜಿಸಲು ಹುಟ್ಟಿದ ಹಬ್ಬ ಮರವನ್ನೇ ಬೋಳಿಸಿದರೆ ಕೌತ್ಸನ ಕಥೆಯನ್ನು ನಾವು ಅರ್ಧವಷ್ಟೇ ಕೇಳಿದಂತೆ. ಒಬ್ಬರಿಗೆ ಒಂದೆಲೆ ಸಾಕು. ನಮ್ಮ ಮಕ್ಕಳ ಕೈಗೆ ಅದನ್ನಿಡುವಾಗ ಬನ್ನಿಯ ಹೆಸರನ್ನೂ ಆಪಟೆಯ ಹೆಸರನ್ನೂ ಹೇಳಿಕೊಡೋಣ.